ಬೆರಳಿಟ್ಟು ತೋರಿಸಿದ್ದಕ್ಕೆ ದಾಖಲೆ ಎಲ್ಲಿ?

ಅಂಕಿಗಳ ರಾಶಿಯನ್ನು ಬಿಂದುಗಳ ನಕ್ಷೆಯಾಗಿ ಬರೆದಾಗ ಕಣ್ಣು ಮೊದಲು ಹೋಗುವುದು ಗುಂಪು ಬಿಟ್ಟು ದೂರ ನಿಂತ ಬಿಂದುವಿನತ್ತ. ಅದು ಅಳತೆಯ ತಪ್ಪೋ, ಹೊಸ ಸಂಗತಿಯೋ? ಕಾಗದದ ಮೇಲಾದರೆ ಬೆರಳಿಟ್ಟು ಕೇಳಬಹುದು. ಗಣಕಯಂತ್ರಕ್ಕೆ ಬೆರಳು ಕಾಣುವುದು ಹೇಗೆ?

1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್‌ನ ವೇಗವರ್ಧಕ ಕೇಂದ್ರದಲ್ಲಿ ‘ಪ್ರಿಮ್-9’ ಎಂಬ ವ್ಯವಸ್ಥೆ ಕಟ್ಟಿದರು. ಒಂಬತ್ತು ಆಯಾಮಗಳವರೆಗಿನ ಮಾಹಿತಿಯನ್ನು ತೆರೆಯ ಮೇಲೆ ತಿರುಗಿಸಿ, ಬೇಕಾದ ಗುಂಪನ್ನು ಬೇರ್ಪಡಿಸಿ ನೋಡಲು ಅದು ನೆರವಾಯಿತು. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್, ರಿಚರ್ಡ್ ಬೆಕರ್ ಮೊದಲಾದವರು ‘ಎಸ್’ ಭಾಷೆಯ ಕೆಲಸ ಆರಂಭಿಸಿದರು. ಅದರಲ್ಲಿ ಎರಡು ಸರಳ ಆದೇಶಗಳು ಬಂದವು. ‘ಲೊಕೇಟರ್’ ನಕ್ಷೆಯಲ್ಲಿ ತೋರಿಸಿದ ಜಾಗದ ಅಳತೆಗಳನ್ನು ಮರಳಿಸುತ್ತದೆ. ‘ಐಡೆಂಟಿಫೈ’ ಸಮೀಪದ ಬಿಂದು ಪಟ್ಟಿಯಲ್ಲಿ ಎಷ್ಟನೆಯದೆಂದು ಹೇಳುತ್ತದೆ. 1990ರ ದಶಕದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ ‘ಆರ್’ ಭಾಷೆಗೂ ಇವೆರಡೂ ಬಳುವಳಿಯಾಗಿ ಬಂದವು.

ಅನುಕೂಲದ ಜೊತೆಗೇ ತೊಡಕೂ ಬಂತು. ಬರೆದ ಆದೇಶ ಕಡತದಲ್ಲಿ ಉಳಿಯುತ್ತದೆ. ಮೌಸ್ ಒತ್ತಿದ ಕ್ಷಣ ಉಳಿಯುವುದಿಲ್ಲ. ಸಂಶೋಧಕನೊಬ್ಬ ಮೂರು ಬಿಂದುಗಳನ್ನು ಒತ್ತಿ ಲೆಕ್ಕದಿಂದ ತೆಗೆದರೆ, ಮತ್ತೊಬ್ಬ ಅದೇ ಕಾರ್ಯಕ್ರಮವನ್ನು ಓಡಿಸಿದಾಗ ಆ ಮೂರು ಯಾವುವೆಂದು ತಿಳಿಯುವ ಬಗೆಯಿಲ್ಲ. ಪರೀಕ್ಷಿಸಲಾಗದ ಫಲಿತಾಂಶವನ್ನು ವಿಜ್ಞಾನ ಹೇಗೆ ನಂಬಬೇಕು?

ಪರಿಹಾರವೂ ಆ ಆದೇಶಗಳೊಳಗೇ ಇದೆ. ಅವು ಮರಳಿಸುವುದು ಬರಿಯ ಸಂಖ್ಯೆಗಳನ್ನು. ಅವನ್ನು ಒಂದು ಹೆಸರಿನಡಿ ಕಡತದಲ್ಲಿ ಇಟ್ಟರೆ, ಮುಂದಿನ ಬಾರಿ ಮೌಸ್ ಇಲ್ಲದೆಯೇ ಅದೇ ಆಯ್ಕೆ ಮರುಕಳಿಸುತ್ತದೆ. ಆದರೆ ಏನನ್ನು ಉಳಿಸಬೇಕೆಂಬುದು ಮುಖ್ಯ. ತೆರೆಯ ಮೇಲಿನ ಚುಕ್ಕೆಯ ಸ್ಥಾನವನ್ನು ಬರೆದಿಟ್ಟರೆ, ಕಿಟಕಿಯ ಗಾತ್ರ ಬದಲಾದೊಡನೆ ಅದು ಸುಳ್ಳಾಗುತ್ತದೆ. ನಕ್ಷೆಯ ಅಕ್ಷಗಳ ಅಳತೆ ಸುಳ್ಳಾಗದು. ಪಟ್ಟಿಯ ಕ್ರಮಸಂಖ್ಯೆಯೂ ಪಟ್ಟಿಯನ್ನು ಮರುಜೋಡಿಸಿದಾಗ ಬೇರೆಯವರತ್ತ ಕೈ ತೋರಿಸೀತು. ಸಾಲಿಗೊಂದು ಸ್ಥಿರ ಹೆಸರಿಡುವುದು ಕ್ಷೇಮ.

ಇಷ್ಟಾದರೂ ಯಂತ್ರ ಹಿಡಿಯಲಾರದ್ದು ಒಂದಿದೆ: ಆ ಬಿಂದುವನ್ನೇ ಏಕೆ ಆರಿಸಿದ್ದು ಎಂಬ ಕಾರಣ. ಅದನ್ನು ಆರಿಸಿದವನೇ ಪಕ್ಕದಲ್ಲಿ ಒಂದು ಸಾಲು ಬರೆದಿಡಬೇಕು.