ವಿಚ್ಛೇದನ ಮತ್ತು ಜಂಟಿ ಗೃಹಸಾಲದ ಹೊಣೆ: ಪಶ್ಚಿಮ ಬೆಂಗಳೂರಿನ ಹಿನ್ನೆಲೆಯಲ್ಲಿ

ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಚರಿತ್ರೆಯು ನಿವೇಶನಗಳ ಚರಿತ್ರೆಯಾಗಿರುವಂತೆ ಸಾಲದ ಚರಿತ್ರೆಯೂ ಹೌದು. 1945ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ವಾತಂತ್ರ್ಯಾನಂತರ ರಾಜಾಜಿನಗರವನ್ನು ರೂಪಿಸಿತು. 1976ರಲ್ಲಿ ಆ ಹೊಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸಂದಿತು. ಅದೇ ವರ್ಷ ಹಿಂದೂ ವಿವಾಹ ಕಾಯಿದೆಗೆ 13ಬಿ ಕಲಮು ಸೇರಿ, ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶವಾಯಿತು. 1977ರಲ್ಲಿ ಎಚ್.ಡಿ.ಎಫ್.ಸಿ. ಸ್ಥಾಪನೆಯಾದ ತರುವಾಯ ಗೃಹಸಾಲ ಮಧ್ಯಮವರ್ಗಕ್ಕೆ ಎಟುಕತೊಡಗಿತು. ದುಡಿಯುವ ದಂಪತಿಗಳು ಇಬ್ಬರ ವರಮಾನವನ್ನೂ ತೋರಿಸಿ ಸಾಲ ಪಡೆಯುವ ರೂಢಿ ಬೆಳೆಯಿತು.

ದಾಂಪತ್ಯ ಮುರಿದರೆ ಈ ಸಾಲ ಯಾರದು? 1955ರ ವಿವಾಹ ಕಾಯಿದೆಯ 27ನೆಯ ಕಲಮು ವಿವಾಹದ ಸಂದರ್ಭದಲ್ಲಿ ಬಂದ ಜಂಟಿ ಸ್ವತ್ತನ್ನು ಕುರಿತದ್ದೇ ಹೊರತು ಸಾಲವನ್ನು ಹೆಸರಿಸುವುದಿಲ್ಲ. ಉತ್ತರವಿರುವುದು 1872ರ ಕರಾರು ಕಾಯಿದೆಯ 43ನೆಯ ಕಲಮಿನಲ್ಲಿ: ಬೇರೆ ಷರತ್ತಿಲ್ಲದಿದ್ದರೆ, ಜಂಟಿಯಾಗಿ ಮಾತುಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ಣ ಹಣವನ್ನು ವಸೂಲು ಮಾಡಬಹುದು, ತೆತ್ತವರು ಮತ್ತೊಬ್ಬರಿಂದ ಅವರ ಪಾಲನ್ನು ಕೇಳಬಹುದು.

1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ದಂಪತಿಗಳ ಸ್ವತ್ತಿನ ವ್ಯಾಜ್ಯವನ್ನು ಒಂದೇ ನ್ಯಾಯಪೀಠಕ್ಕೆ ತಂದಿತು. ಆದರೆ 'ಕಂತುಗಳನ್ನು ಗಂಡನೇ ಕಟ್ಟತಕ್ಕದ್ದು' ಎಂಬ ರಾಜಿಯು ಅವರಿಬ್ಬರನ್ನು ಕಟ್ಟಿಹಾಕುವುದೇ ವಿನಾ, ಅದಕ್ಕೆ ಒಪ್ಪಿಗೆಯಿತ್ತಿರದ ಬ್ಯಾಂಕನ್ನಲ್ಲ. ವಿಜಯನಗರದ ಮನೆಯನ್ನು ಗಂಡನಿಗೆ ಬಿಟ್ಟು ಹೊರಟ ಮಹಿಳೆಗೂ, ಕಂತು ತಪ್ಪಿದಾಗ, ನೋಟೀಸು ಬರಬಹುದು.

1933ರ ಮೈಸೂರು ಕಾಯಿದೆ ಹಿಂದೂ ಸ್ತ್ರೀಯ ಆಸ್ತಿಹಕ್ಕನ್ನು ವಿಸ್ತರಿಸಿತು. ಜಂಟಿ ಸಾಲಪತ್ರದ ಸಹಿ ಆಕೆಯ ಋಣಬಾಧ್ಯತೆಯನ್ನೂ ವಿಸ್ತರಿಸಿತು. ವಿಚ್ಛೇದನದ ಡಿಕ್ರಿ ದಾಂಪತ್ಯವನ್ನು ಮುಗಿಸುತ್ತದೆ. ಸಾಲದ ಬಂಧ ಬಿಡಬೇಕಾದರೆ ಸಾಲ ತೀರಬೇಕು, ಇಲ್ಲವೇ ಸಾಲ ಕೊಟ್ಟ ಸಂಸ್ಥೆಯೇ ಲಿಖಿತವಾಗಿ ಬಿಡುಗಡೆ ನೀಡಬೇಕು.