ಡೆಬಿಯನ್ ಪ್ಯಾಕೇಜುಗಳು: ಡಿಪಿಕೆಜಿಯಿಂದ ಆಪ್ಟ್‌ವರೆಗೆ

1990ರ ದಶಕದ ಆರಂಭದಲ್ಲಿ ಯುನಿಕ್ಸ್ ಅಥವಾ ಲಿನಕ್ಸ್ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿಕೊಳ್ಳಬೇಕೆಂದರೆ ಬಹುಮಟ್ಟಿಗೆ ಅದನ್ನು ಅಲ್ಲೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ಎಫ್‌ಟಿಪಿ ಸರ್ವರಿನಿಂದ ಸೋರ್ಸ್ ಕೋಡಿನ ಟಾರ್ ಕಡತ ಇಳಿಸಿ, ಬಿಚ್ಚಿ, ಕಂಪೈಲ್ ಮಾಡಿ, ಕೊನೆಗೆ ‘ಮೇಕ್ ಇನ್‌ಸ್ಟಾಲ್’ ಎಂದು ಟೈಪಿಸಬೇಕು. ನಡುವೆ ಬೇಕಾದ ಲೈಬ್ರರಿ ಸಿಗದಿದ್ದರೆ ಕೆಲಸ ನಿಂತುಹೋಗುತ್ತಿತ್ತು. ಅದನ್ನು ತಂದರೆ ಅದಕ್ಕೆ ಇನ್ನೊಂದು ಬೇಕು. ತೆಗೆದುಹಾಕುವುದು ಇನ್ನೂ ಕಷ್ಟ, ಏಕೆಂದರೆ ಯಾವ ಕಡತ ಯಾವ ತಂತ್ರಾಂಶದ್ದು ಎಂಬ ಲೆಕ್ಕ ಎಲ್ಲೂ ಇರುತ್ತಿರಲಿಲ್ಲ. 1993ರಲ್ಲಿ ಬಂದ ಲಿನಕ್ಸ್ ವಿತರಣೆ ಸ್ಲ್ಯಾಕ್‌ವೇರ್ ಕಂಪೈಲ್ ಆದ ಪ್ಯಾಕೇಜುಗಳನ್ನೇ ಕೊಟ್ಟಿತಾದರೂ ಯಾವುದಕ್ಕೆ ಯಾವುದು ಬೇಕೆಂಬುದನ್ನು ಬಳಕೆದಾರನೇ ತಿಳಿದಿರಬೇಕಿತ್ತು.

ಅದೇ ವರ್ಷ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಅಮೆರಿಕದಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಯೋಜನೆಯನ್ನು ಪ್ರಕಟಿಸಿದರು. ಒಬ್ಬರೇ ಕಟ್ಟುವ ವ್ಯವಸ್ಥೆಯಲ್ಲ, ಹಲವರು ದೂರದೂರದಲ್ಲಿ ಕುಳಿತು ಒಂದೊಂದು ಭಾಗವನ್ನು ನೋಡಿಕೊಳ್ಳುವ ವ್ಯವಸ್ಥೆ ಅದು. ಹಾಗಾಗಿ ಆ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳುವ ಬಗೆಯನ್ನು ಮೊದಲೇ ನಿಗದಿಮಾಡಬೇಕಾಯಿತು. 1994ರ ಜನವರಿಯಲ್ಲಿ ಮರ್ಡಾಕ್ ಒಂದು ಶೆಲ್ ಸ್ಕ್ರಿಪ್ಟಾಗಿ ಬರೆದ, ಪ್ಯಾಕೇಜುಗಳನ್ನು ಹಾಕುವ ತೆಗೆಯುವ ಡಿಪಿಕೆಜಿ ಎಂಬ ಪ್ರೋಗ್ರಾಮು ಮುಂದೆ ಪರ್ಲ್ ಭಾಷೆಗೆ ಬಂತು. ಅದರ ಮುಖ್ಯ ಭಾಗವನ್ನು ಇಯಾನ್ ಜಾಕ್ಸನ್ ಸಿ ಭಾಷೆಯಲ್ಲಿ ಹೊಸದಾಗಿ ಬರೆದರು.

ಡೆಬಿಯನ್ ಪ್ಯಾಕೇಜು ಬರುವ ಡೆಬ್ ಕಡತದ ರಚನೆ ಸರಳ. ಅದರೊಳಗೆ ಆವೃತ್ತಿ ಹೇಳುವ ಪುಟ್ಟ ಕಡತವೊಂದು, ವಿವರಗಳ ಟಾರ್ ಒಂದು, ನಿಜವಾದ ಕಡತಗಳ ಟಾರ್ ಇನ್ನೊಂದು. ವಿವರಗಳ ಭಾಗದಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಅದಕ್ಕೆ ಬೇಕಾದ ಇತರ ಪ್ಯಾಕೇಜುಗಳು, ಜೊತೆಗಿರಬಾರದವು ಎಲ್ಲವೂ ಬರೆದಿರುತ್ತವೆ. ಡಿಪಿಕೆಜಿ ಮೊದಲು ಕಡತಗಳನ್ನು ಬಿಚ್ಚಿ ಇಡುತ್ತದೆ, ಆಮೇಲೆ ಸಂರಚನೆಯ ಸ್ಕ್ರಿಪ್ಟ್ ಓಡಿಸುತ್ತದೆ. ಈ ಎರಡು ಹಂತಗಳನ್ನು ಬೇರೆಮಾಡಿದ್ದು ದೂರದೃಷ್ಟಿಯ ನಿರ್ಧಾರ: ಒಂದನ್ನೊಂದು ನೆಚ್ಚಿಕೊಂಡ ಹತ್ತಾರು ಪ್ಯಾಕೇಜುಗಳನ್ನು ಬಿಚ್ಚಿಟ್ಟ ಮೇಲೆ ಸರಿಯಾದ ಕ್ರಮದಲ್ಲಿ ಸಿದ್ಧಗೊಳಿಸಲು ಅದು ಎಡೆಮಾಡಿತು. ಆದರೆ ಬೇಕಾದ ಪ್ಯಾಕೇಜ್ ಇಲ್ಲವೆಂದು ಡಿಪಿಕೆಜಿ ಹೇಳಬಲ್ಲದು, ತಂದುಕೊಡಲಾರದು. ಆ ಕೊರತೆ ತುಂಬಲು ಬಂದ ಡಿಸೆಲೆಕ್ಟ್ ಎಂಬ ಪಟ್ಟಿಯ ಪರದೆ ಹೊಸಬರನ್ನು ದಿಕ್ಕುತಪ್ಪಿಸುತ್ತಿತ್ತು.

ಈ ತೊಡಕನ್ನು ನೀಗಿಸಲು ‘ಡೀಟಿ’ ಎಂಬ ಗುಪ್ತನಾಮದಲ್ಲಿ ಶುರುವಾದ ಕೆಲಸ 1998ರಲ್ಲಿ ಆಪ್ಟ್ ಆಗಿ ಹೊರಬಂತು. ಜೇಸನ್ ಗುಂಥೋರ್ಪ್ ಅದರ ಪ್ರಮುಖ ಲೇಖಕರು. 1999ರ ಮಾರ್ಚಿನಲ್ಲಿ ಬಿಡುಗಡೆಯಾದ ಡೆಬಿಯನ್ 2.1 ಅದನ್ನು ಎಲ್ಲರ ಕೈಗೆ ಕೊಟ್ಟಿತು. ‘ಆಪ್ಟ್-ಗೆಟ್ ಅಪ್‌ಡೇಟ್’ ಎಂದರೆ ಸರ್ವರಿನಿಂದ ಪ್ಯಾಕೇಜುಗಳ ಸೂಚಿ ಬರುತ್ತದೆ. ‘ಇನ್‌ಸ್ಟಾಲ್’ ಎಂದು ಹೆಸರು ಕೊಟ್ಟರೆ ಆಪ್ಟ್ ಆ ಸೂಚಿಯಲ್ಲಿ ಅವಲಂಬನೆಗಳ ಸರಪಳಿಯನ್ನು ಕೊನೆಯವರೆಗೆ ಹಿಂಬಾಲಿಸಿ, ಬೇಕಾದುದನ್ನೆಲ್ಲ ಇಳಿಸಿ, ಕ್ರಮ ನಿಗದಿಮಾಡಿ ಡಿಪಿಕೆಜಿಗೆ ಒಪ್ಪಿಸುತ್ತದೆ. ಅಂತರಜಾಲ ದುಬಾರಿಯಾಗಿದ್ದವರಿಗೆ ಸಿಡಿಗಳಿಂದಲೇ ಇದನ್ನೆಲ್ಲ ಮಾಡುವ ಅನುಕೂಲವೂ ಇತ್ತು.

ಈ ಯಶಸ್ಸನ್ನು ಆಪ್ಟ್‌ನ ಲೆಕ್ಕಾಚಾರಕ್ಕಷ್ಟೇ ಸಲ್ಲಿಸುವುದು ಅನ್ಯಾಯ. ಪ್ರತಿ ಪ್ಯಾಕೇಜಿಗೂ ಒಬ್ಬ ಹೊಣೆಗಾರನಿದ್ದು, ಕಡತಗಳು ಎಲ್ಲಿರಬೇಕು, ಅವಲಂಬನೆಯನ್ನು ಹೇಗೆ ಬರೆಯಬೇಕು ಎಂಬ ಡೆಬಿಯನ್ ನೀತಿ ಕೈಪಿಡಿಯನ್ನು ಆತ ಪಾಲಿಸಿದ್ದರಿಂದಲೇ ಆಪ್ಟ್ ಹಾಕಿದ ಲೆಕ್ಕ ಸರಿಹೋಗುತ್ತಿತ್ತು. ವಿವರ ತಪ್ಪಾಗಿ ಬರೆದಿದ್ದರೆ ಯಾವ ಜಾಣ ಪ್ರೋಗ್ರಾಮೂ ಏನೂ ಮಾಡಲಾಗದು. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಒಂದೇ ಆಜ್ಞೆಗೆ ಸಿಗುವುದೂ ಯಾರೋ ಅವನ್ನು ಇದೇ ನಿಯಮದಂತೆ ಪ್ಯಾಕೇಜ್ ಮಾಡಿಟ್ಟದ್ದರಿಂದ. 1996ರ ಡೆಬಿಯನ್ 1.1ರಲ್ಲಿ 474 ಪ್ಯಾಕೇಜುಗಳಿದ್ದವು. 2023ರ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು.

ಇನ್ನೊಂದು ಲಿನಕ್ಸ್ ವಿತರಣೆಯಾದ ರೆಡ್ ಹ್ಯಾಟ್ ಕಡೆಯಲ್ಲಿ ಡಿಪಿಕೆಜಿಯಂತೆಯೇ ಆರ್‌ಪಿಎಂ ಇತ್ತು. ಅವಲಂಬನೆಗಳನ್ನು ತಾನೇ ತಂದುಕೊಡುವ ಯಮ್ ಅಲ್ಲಿಗೆ ಬಂದದ್ದು ತುಸು ತಡವಾಗಿ. ಅದನ್ನು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಲಾಯಿತು.

ಆಪ್ಟ್‌ನಲ್ಲಿ ಒಂದು ಗಂಭೀರ ಕೊರತೆ ಬಹುಕಾಲ ಉಳಿದಿತ್ತು. ಇಳಿಸಿದ ಪ್ಯಾಕೇಜ್ ನಿಜಕ್ಕೂ ಡೆಬಿಯನ್ನಿನದೇ, ನಡುವೆ ಯಾರಾದರೂ ತಿದ್ದಿದ್ದಾರೆಯೇ ಎಂದು ಆಪ್ಟ್ ತಾನಾಗಿ ನೋಡುತ್ತಿರಲಿಲ್ಲ. 2007ರ ಡೆಬಿಯನ್ 4.0 ಈ ಪರಿಶೀಲನೆಯನ್ನು ಸ್ಥಿರ ಆವೃತ್ತಿಗೆ ತಂದಿತು: ಸೂಚಿಗೆ ಡಿಜಿಟಲ್ ಸಹಿ, ಸೂಚಿಯೊಳಗೆ ಪ್ರತಿ ಕಡತದ ಹ್ಯಾಶ್. ಸರ್ವರನ್ನು ಯಾರೇ ನಡೆಸಲಿ, ಸಹಿ ಹೊಂದದಿದ್ದರೆ ಎಚ್ಚರಿಕೆ ಬರುತ್ತದೆ. 2014ರ ಏಪ್ರಿಲ್ 1ರಂದು ಆಪ್ಟ್ 1.0 ಬಿಡುಗಡೆಯಾಯಿತು. ಅಲ್ಲಿಯವರೆಗೆ ಆಪ್ಟ್-ಗೆಟ್, ಆಪ್ಟ್-ಕ್ಯಾಶ್ ಎಂದು ಹಂಚಿಹೋಗಿದ್ದ ದಿನಬಳಕೆಯ ಕೆಲಸಗಳು ಅದರೊಂದಿಗೆ ‘ಆಪ್ಟ್’ ಎಂಬ ಒಂದೇ ಆಜ್ಞೆಗೆ ಬಂದವು.