ಚಿಕ್ಕ ಕಾಲೇಜು, ದೊಡ್ಡ ವಿಶ್ವವಿದ್ಯಾಲಯ: ಅಮೆರಿಕದಲ್ಲಿ ಒಂದು ಆಯ್ಕೆ ಹುಟ್ಟಿದ ಬಗೆ

ಆಮ್‌ಹರ್ಸ್ಟ್, ವಿಲಿಯಮ್ಸ್, ಸ್ವಾರ್ಥ್‌ಮೋರ್‌ಗಳಂಥ ಚಿಕ್ಕ ಕಾಲೇಜನ್ನು ಸೇರಬೇಕೋ ಹಾರ್ವರ್ಡ್, ಯೇಲ್, ಶಿಕಾಗೋಗಳಂಥ ಹೆಸರಾಂತ ವಿಶ್ವವಿದ್ಯಾಲಯಕ್ಕೆ ಹೋಗಬೇಕೋ ಎಂದು ಅಮೆರಿಕದ ವಿದ್ಯಾರ್ಥಿಗಳು ಇಂದು ತೂಗಿನೋಡುವ ಪ್ರಶ್ನೆ ಬಹಳ ಹಳೆಯದೆಂದು ತೋರಿದರೂ, 1870ರ ದಶಕಕ್ಕೆ ಮೊದಲು ಅದು ಪ್ರಶ್ನೆಯೇ ಆಗಿರಲಿಲ್ಲ. 1636ರಲ್ಲಿ ಸ್ಥಾಪನೆಯಾದ ಹಾರ್ವರ್ಡ್, 1701ರ ಯೇಲ್, 1793ರ ವಿಲಿಯಮ್ಸ್, 1821ರ ಆಮ್‌ಹರ್ಸ್ಟ್ ಇವುಗಳ ನಡುವೆ ವಯಸ್ಸಿನ ಮತ್ತು ಸಿರಿವಂತಿಕೆಯ ಅಂತರವಿತ್ತೇ ಹೊರತು ಶಿಕ್ಷಣದ ಬಗೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಹಾರ್ವರ್ಡ್, ಯೇಲ್‌ಗಳಿಗೆ ವೈದ್ಯ ಮತ್ತು ಕಾನೂನು ಶಾಲೆಗಳು ಸೇರಿಕೊಂಡಿದ್ದರೂ ಅವುಗಳ ನಡುಮನೆಯಾಗಿದ್ದುದು ಕಾಲೇಜೇ. ಅಲ್ಲಿ ಕೆಲವೇ ಅಧ್ಯಾಪಕರು ಎಲ್ಲ ವಿದ್ಯಾರ್ಥಿಗಳಿಗೂ ಲ್ಯಾಟಿನ್, ಗ್ರೀಕ್, ಗಣಿತ, ತರ್ಕಗಳನ್ನು ಒಂದೇ ಕ್ರಮದಲ್ಲಿ ಕಲಿಸುತ್ತಿದ್ದರು, ಕೊನೆಯ ವರ್ಷದ ನೀತಿಶಾಸ್ತ್ರವನ್ನು ಬಹುಮಟ್ಟಿಗೆ ಕಾಲೇಜಿನ ಅಧ್ಯಕ್ಷರೇ ಬೋಧಿಸುತ್ತಿದ್ದರು. ಲಿಬರಲ್ ಆರ್ಟ್ಸ್ ಎಂದು ಕರೆಯಲಾಗುವ ಈ ಶಿಕ್ಷಣವು ಯಾವುದೇ ಒಂದು ಕಸುಬಿಗೆ ತರಬೇತಿ ಕೊಡದೆ, ಭಾಷೆ, ಗಣಿತ, ವಿಜ್ಞಾನ, ಇತಿಹಾಸ, ತತ್ವಶಾಸ್ತ್ರಗಳ ಅಭ್ಯಾಸದಿಂದ ಬುದ್ಧಿಯನ್ನು ಪಳಗಿಸುವುದನ್ನೇ ಗುರಿಯಾಗಿಟ್ಟುಕೊಂಡಿತ್ತು. ಈ ಗುರಿಯನ್ನು ಅತ್ಯಂತ ದೃಢವಾಗಿ ಸಮರ್ಥಿಸಿದ 1828ರ ವರದಿ ಹೊರಬಂದುದು, ಮುಂದೆ ದೊಡ್ಡ ವಿಶ್ವವಿದ್ಯಾಲಯಗಳ ಸಾಲಿಗೆ ಸೇರಿದ ಯೇಲ್‌ನಿಂದಲೇ ಎಂಬುದು ಗಮನಾರ್ಹ.

ಇಂಥ ಕಾಲೇಜುಗಳು ದೇಶದುದ್ದಕ್ಕೂ ಹಬ್ಬಲು ಧಾರ್ಮಿಕ ಪಂಗಡಗಳ ಉತ್ಸಾಹ ಮುಖ್ಯ ಕಾರಣವಾಯಿತು. ಡಾರ್ಟ್‌ಮತ್ ಕಾಲೇಜಿನ ಮೊಕದ್ದಮೆಯಲ್ಲಿ 1819ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅವುಗಳಿಗೆ ಕಾನೂನಿನ ಕಾವಲನ್ನು ಒದಗಿಸಿತು. ಸನದಿನ ಮೂಲಕ ಸ್ಥಾಪಿತವಾದ ಖಾಸಗಿ ಕಾಲೇಜನ್ನು ರಾಜ್ಯ ಸರ್ಕಾರವು ತನ್ನಿಚ್ಛೆಯಂತೆ ವಶಪಡಿಸಿಕೊಳ್ಳುವಂತಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಬರೆದದ್ದರಿಂದ, ಸಣ್ಣ ಊರಿನ ಸಣ್ಣ ಸಂಸ್ಥೆಗೂ ತನ್ನ ದಾರಿಯನ್ನು ತಾನೇ ಹಿಡಿಯುವ ಧೈರ್ಯ ಬಂದಿತು. 1833ರಲ್ಲಿ ಆರಂಭವಾದ ಓಬರ್ಲಿನ್ ಎರಡೇ ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೂ, 1837ರಲ್ಲಿ ಪದವಿ ತರಗತಿಗಳಲ್ಲಿ ಮಹಿಳೆಯರಿಗೂ ಬಾಗಿಲು ತೆರೆದದ್ದು ಇದಕ್ಕೆ ಉಜ್ವಲ ನಿದರ್ಶನ. ಪ್ರತಿಷ್ಠೆಯ ದೃಷ್ಟಿಯಿಂದ ಮೇಲಿದ್ದ ಸಂಸ್ಥೆಗಳು ಆ ಹೆಜ್ಜೆಯನ್ನಿಡಲು ಬಹುಕಾಲ ಹಿಂಜರಿದವು.

ಈ ಏಕರೂಪದ ಲೋಕವನ್ನು ಒಡೆದದ್ದು ಬಾಲ್ಟಿಮೋರ್‌ನಲ್ಲಿ 1876ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ. ಅದರ ಮೊದಲ ಅಧ್ಯಕ್ಷ ಡೇನಿಯಲ್ ಕೋಯ್ಟ್ ಗಿಲ್ಮನ್ ಜರ್ಮನಿಯ ವಿಶ್ವವಿದ್ಯಾಲಯಗಳನ್ನು ಮಾದರಿಯಾಗಿಟ್ಟುಕೊಂಡು, ಪ್ರಾಧ್ಯಾಪಕನ ಮೊದಲ ಕೆಲಸ ಹೊಸ ಜ್ಞಾನದ ಶೋಧನೆಯೆಂದೂ, ಅವನ ನಿಜವಾದ ಶಿಷ್ಯ ಪಿಎಚ್.ಡಿ.ಗಾಗಿ ದುಡಿಯುವ ಸಂಶೋಧಕನೆಂದೂ ನೆಲೆಗೊಳಿಸಿದರು. ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಗುರುವಿನ ಮತ್ತು ಸಹಪಾಠಿಗಳ ಮುಂದಿಟ್ಟು ಪರಿಶೀಲನೆಗೆ ಒಡ್ಡುವ ಸೆಮಿನಾರ್ ಪದ್ಧತಿ ಅಲ್ಲಿಂದ ಹರಡಿತು. ಇದೇ ಕಾಲದಲ್ಲಿ, 1869ರಿಂದ ನಲವತ್ತು ವರ್ಷ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್, ವಿದ್ಯಾರ್ಥಿಯೇ ತನ್ನ ವಿಷಯಗಳನ್ನು ಆರಿಸಿಕೊಳ್ಳುವ ಐಚ್ಛಿಕ ವ್ಯವಸ್ಥೆಯನ್ನು ಜಾರಿಗೆ ತಂದು ಹಳೆಯ ಪಠ್ಯಕ್ರಮವನ್ನು ಬಹುಪಾಲು ಕರಗಿಸಿಬಿಟ್ಟರು. ಜ್ಞಾನಕ್ಕೆ ಇದರಿಂದಾದ ಲಾಭ ಅಪಾರವಾದದ್ದು. ಆದರೆ ಹದಿನೆಂಟು ವರ್ಷದ ಹುಡುಗನಿಗೆ ಪಾಠ ಹೇಳುವವರು ಯಾರು ಎಂಬ ಪ್ರಶ್ನೆಯು ಇಲ್ಲಿಂದ ಮುಂದೆ ದೊಡ್ಡ ಸಂಸ್ಥೆಗಳ ಅಂಚಿಗೆ ಸರಿಯಿತು, ಮತ್ತು ಈ ಬರಹದ ವಿಷಯವಾದ ಆಯ್ಕೆಯ ಮೂಲ ಇರುವುದು ಈ ಸರಿಯುವಿಕೆಯಲ್ಲಿಯೇ.

ಚಿಕ್ಕ ಕಾಲೇಜಿನ ಪರವಾಗಿ ಹೆಚ್ಚು ಉಲ್ಲೇಖಗೊಂಡ ಮಾತು 1871ರಲ್ಲಿ ನ್ಯೂಯಾರ್ಕಿನ ಒಂದು ಔತಣಕೂಟದಲ್ಲಿ ಹುಟ್ಟಿತು. ಮುಂದೆ ದೇಶದ ಅಧ್ಯಕ್ಷರಾದ ಜೇಮ್ಸ್ ಗಾರ್ಫೀಲ್ಡ್ ಅಲ್ಲಿ ತಮ್ಮ ಗುರು, ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷ ಮಾರ್ಕ್ ಹಾಪ್ಕಿನ್ಸ್ ಅವರನ್ನು ನೆನೆಯುತ್ತ, ಮರದ ದಿಮ್ಮಿಯ ಒಂದು ತುದಿಯಲ್ಲಿ ಹಾಪ್ಕಿನ್ಸ್, ಇನ್ನೊಂದು ತುದಿಯಲ್ಲಿ ವಿದ್ಯಾರ್ಥಿ ಕುಳಿತರೆ ಕಾಲೇಜು ಪೂರ್ಣವಾಯಿತು ಎಂಬರ್ಥದ ಮಾತನ್ನಾಡಿದರೆಂದು ಪ್ರತೀತಿ. ಆದರೆ ದಿಮ್ಮಿಯ ಮೇಲೆ ಪ್ರಯೋಗಾಲಯ ನಿಲ್ಲುವುದಿಲ್ಲ. ಕನ್ನಡಿಗರಿಗೆ ಎ. ಕೆ. ರಾಮಾನುಜನ್ ಅವರು ದಶಕಗಳ ಕಾಲ ಬೋಧಿಸಿದ ಸ್ಥಳವೆಂದು ಪರಿಚಿತವಾದ ಶಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್, ಚಿಕ್ಕ ಕಾಲೇಜಿನ ಭವಿಷ್ಯವನ್ನು ಕುರಿತು 1900ರಲ್ಲಿ ಮಾಡಿದ ಭಾಷಣದಲ್ಲಿ, ಹಣವೂ ಉಪಕರಣವೂ ಇಲ್ಲದ ಅನೇಕ ಕಾಲೇಜುಗಳು ಮೊದಲೆರಡು ವರ್ಷಗಳ ಪಾಠಕ್ಕಷ್ಟೇ ಸೀಮಿತವಾಗಿ ಜೂನಿಯರ್ ಕಾಲೇಜುಗಳಾಗುವುದು ಒಳಿತೆಂದು ಪ್ರತಿಪಾದಿಸಿದರು. ಹಾರ್ಪರ್ ಸ್ವತಃ ಒಹಾಯೋದ ಮಸ್ಕಿಂಗಮ್ ಎಂಬ ಪುಟ್ಟ ಕಾಲೇಜಿನಿಂದ ಹದಿನಾಲ್ಕರ ವಯಸ್ಸಿನಲ್ಲಿ ಪದವಿ ಪಡೆದವರಾದ್ದರಿಂದ, ಅವರ ಈ ನಿಲುವನ್ನು ಹೊರಗಿನವರ ತಾತ್ಸಾರವೆಂದು ತಳ್ಳಿಹಾಕುವಂತಿಲ್ಲ.

ಹಾರ್ಪರ್ ನಿರೀಕ್ಷೆ ಭಾಗಶಃ ನಿಜವಾಯಿತು. ಆದರೆ ಉಳಿದುಕೊಂಡ ಕಾಲೇಜುಗಳಲ್ಲಿ ಕೆಲವು ಹಳೆಯದನ್ನು ಹಿಡಿದು ಕೂರದೆ, ವಿಶ್ವವಿದ್ಯಾಲಯದ ಕಟ್ಟುನಿಟ್ಟನ್ನು ಚಿಕ್ಕ ತರಗತಿಯೊಳಕ್ಕೆ ತಂದುಕೊಂಡವು. ಇವುಗಳಲ್ಲಿ ಸ್ವಾರ್ಥ್‌ಮೋರ್‌ನ ಪ್ರಯೋಗವು ವಿಶೇಷ ಮನ್ನಣೆಗೆ ಅರ್ಹವಾದುದು. ಕ್ವೇಕರ್ ಪಂಥದವರು 1864ರಲ್ಲಿ ಸ್ಥಾಪಿಸಿದ ಈ ಕಾಲೇಜಿಗೆ 1921ರಲ್ಲಿ ಅಧ್ಯಕ್ಷರಾಗಿ ಬಂದ ಫ್ರ್ಯಾಂಕ್ ಐಡಲಾಟ್, ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿನಲ್ಲಿ ಓದಿದ್ದಾಗ ಕಂಡ ಪದ್ಧತಿಯನ್ನು ಅಮೆರಿಕದ ಮಣ್ಣಿಗೆ ಹೊಂದಿಸಿ, ಮರುವರ್ಷವೇ ಆನರ್ಸ್ ವ್ಯವಸ್ಥೆಯನ್ನು ಆರಂಭಿಸಿದರು. ಅದರ ಪ್ರಕಾರ ಆಯ್ದ ವಿದ್ಯಾರ್ಥಿಗಳು ಕೊನೆಯ ಎರಡು ವರ್ಷಗಳಲ್ಲಿ ಸಾಮಾನ್ಯ ತರಗತಿಗಳ ಬದಲು ಸಣ್ಣ ಸೆಮಿನಾರುಗಳಲ್ಲಿ ಪ್ರಬಂಧ ಬರೆದು ಚರ್ಚಿಸುತ್ತಿದ್ದರು. ಕೊನೆಯಲ್ಲಿ ಅವರನ್ನು ಲಿಖಿತವಾಗಿಯೂ ಮೌಖಿಕವಾಗಿಯೂ ಪರೀಕ್ಷಿಸುತ್ತಿದ್ದವರು ಬೇರೆ ಸಂಸ್ಥೆಗಳಿಂದ ಬಂದ ವಿದ್ವಾಂಸರು. ಪರೀಕ್ಷಕ ಹೊರಗಿನವನಾದಾಗ ಅಧ್ಯಾಪಕ ಅಂಕ ಕೊಡುವ ಅಧಿಕಾರಿಯಾಗಿ ಉಳಿಯದೆ, ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು ಅವನೊಡನೆ ಸಿದ್ಧನಾಗುವ ಜೊತೆಗಾರನಾಗುತ್ತಾನೆ. ಗುರುಶಿಷ್ಯ ಸಂಬಂಧವನ್ನೇ ಬದಲಿಸಿದ ಈ ಸರಳ ಉಪಾಯಕ್ಕೆ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ಅತ್ತ ದೊಡ್ಡ ಸಂಸ್ಥೆಗಳು ತಾವು ಕಳೆದುಕೊಂಡದ್ದನ್ನು ಹಣ ಸುರಿದು ಮರಳಿ ಕಟ್ಟಲು ಹೊರಟವು. ಯೇಲ್‌ನಲ್ಲಿ ಓದಿದ್ದ ಶ್ರೀಮಂತ ಎಡ್ವರ್ಡ್ ಹಾರ್ಕ್‌ನೆಸ್, ವಿದ್ಯಾರ್ಥಿಗಳು ಸಣ್ಣ ಸಮುದಾಯಗಳಾಗಿ ಅಧ್ಯಾಪಕರೊಡನೆ ಕೂಡಿ ಬಾಳುವ ಯೋಜನೆಯನ್ನು ಮೊದಲು ತಮ್ಮ ಯೇಲ್‌ನ ಮುಂದಿಟ್ಟರು. ಅಲ್ಲಿ ತೀರ್ಮಾನ ತಡವಾದಾಗ ಹಾರ್ವರ್ಡಿನತ್ತ ತಿರುಗಿ, ಒಂದು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕೊಟ್ಟರು. ಎಲಿಯಟ್ ಬಳಿಕ ಅಧ್ಯಕ್ಷರಾದ ಲಾರೆನ್ಸ್ ಲೊವೆಲ್ 1930ರಲ್ಲಿ ಮೊದಲ ‘ಹೌಸ್’ಗಳನ್ನು ತೆರೆದರು, ಯೇಲ್ ಕೂಡ ಅದೇ ದಾನಿಯ ನೆರವಿನಿಂದ 1933ರಲ್ಲಿ ವಸತಿ ಕಾಲೇಜುಗಳನ್ನು ಆರಂಭಿಸಿತು. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನಲ್ಲಿ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಲಾಯಿತು: ಪೊಮೊನಾ ಕಾಲೇಜನ್ನು ಬೆಳೆಸುವ ಬದಲು 1925ರಿಂದ ಅದರ ಪಕ್ಕದಲ್ಲಿ ಬೇರೆ ಚಿಕ್ಕ ಕಾಲೇಜುಗಳನ್ನು ಕಟ್ಟಿ, ಗ್ರಂಥಾಲಯದಂಥ ಸೌಲಭ್ಯಗಳನ್ನು ಹಂಚಿಕೊಳ್ಳುವ ಒಕ್ಕೂಟವನ್ನು ರಚಿಸಲಾಯಿತು.

ವಿಜ್ಞಾನಕ್ಕೆ ಮಾತ್ರ ದೊಡ್ಡ ಸಂಸ್ಥೆಯೇ ಬೇಕೆಂಬ ನಂಬಿಕೆಯನ್ನು 1952ರಲ್ಲಿ ಪ್ರಕಟವಾದ ಕ್ನಾಪ್ ಮತ್ತು ಗುಡ್‌ರಿಚ್ ಅವರ ಅಧ್ಯಯನ ಅಲುಗಾಡಿಸಿತು. ಪದವೀಧರರ ಸಂಖ್ಯೆಗೆ ಹೋಲಿಸಿದರೆ ಮುಂದೆ ವಿಜ್ಞಾನಿಗಳಾದವರ ಪ್ರಮಾಣ ಕೆಲವು ಚಿಕ್ಕ ಕಾಲೇಜುಗಳಲ್ಲಿ, ಅದರಲ್ಲೂ ಆರೆಗಾನ್‌ನ ರೀಡ್ ಕಾಲೇಜಿನಲ್ಲಿ, ಪ್ರಸಿದ್ಧ ವಿಶ್ವವಿದ್ಯಾಲಯಗಳಿಗಿಂತ ಹೆಚ್ಚಾಗಿತ್ತು. ಪಿಎಚ್.ಡಿ. ವಿದ್ಯಾರ್ಥಿಗಳೇ ಇಲ್ಲದ ಕಡೆ ಪ್ರಾಧ್ಯಾಪಕನಿಗೆ ಪ್ರಯೋಗದಲ್ಲಿ ನೆರವಾಗುವವನು ಪದವಿ ತರಗತಿಯ ಹುಡುಗನೇ ಆಗಬೇಕಾಗಿದ್ದು ಇದಕ್ಕೆ ಒಂದು ಕಾರಣವೆಂದು ಭಾವಿಸಬಹುದು.

ಆದರೂ ಕೀರ್ತಿಯು ಸಂಶೋಧನೆಯ ಬೆನ್ನೇರಿಯೇ ಕಡಲು ದಾಟಿತು. ಅಮೆರಿಕದ 1965ರ ವಲಸೆ ಕಾಯಿದೆಯ ನಂತರ ಕರ್ನಾಟಕದಿಂದ ಅಲ್ಲಿಗೆ ಹೋದವರಲ್ಲಿ ಅನೇಕರು ಎಂ.ಎಸ್. ಇಲ್ಲವೇ ಪಿಎಚ್.ಡಿ.ಗಾಗಿ ಹೊರಟವರಾದ್ದರಿಂದ, ಅಂಥ ಪದವಿಗಳನ್ನೇ ಕೊಡದ ಕಾಲೇಜುಗಳ ಹೆಸರನ್ನು ಅವರು ತಿಳಿಯಲು ಆಸ್ಪದವಿರಲಿಲ್ಲ. ಅಲ್ಲಿಯೇ ಬೆಳೆದ ಅವರ ಮಕ್ಕಳು ಕಾಲೇಜು ಸೇರುವ ವಯಸ್ಸಿಗೆ ಬಂದ ಮೇಲೆಯೇ ಚಿಕ್ಕ ಕಾಲೇಜು ಎಂಬ ಇನ್ನೊಂದು ದಾರಿ ಅಂಥ ಮನೆಗಳ ಚರ್ಚೆಗೆ ಬರುವಂತಾಯಿತು.